ರಾಗಕ್ಕೆ ಊರಿಲ್ಲವೆ?

ಸಂಗೀತದಲ್ಲಿ ನೆನಪಿಗೇನು ಕೆಲಸ ಎಂದು ಕೇಳುವ ವಿದ್ವಾಂಸರು ನಮ್ಮಲ್ಲಿದ್ದಾರೆ. ರಾಗಕ್ಕೆ ಊರಿಲ್ಲ, ಇಸವಿಯಿಲ್ಲ. ಇಂಥ ಹಳ್ಳಿ ಇಂಥ ವರ್ಷ ಮುಳುಗಿತೆಂದು ಹಾಡಹೊರಟರೆ ಅದು ಸುಗಮ ಸಂಗೀತವಾದೀತೇ ಹೊರತು ಶಾಸ್ತ್ರೀಯವಾಗದು ಎಂಬುದು ಅವರ ವಾದ. ಸಾಗರದ ಕಛೇರಿಯೊಂದರ ಬಿಡುವಿನಲ್ಲಿ ಈಚೆಗೆ ಈ ಮಾತು ಮತ್ತೆ ಕಿವಿಗೆ ಬಿತ್ತು. ನಾನು ಒಪ್ಪಲಾರೆ.

ರಾಗಕ್ಕೆ ಊರಿಲ್ಲದಿದ್ದರೆ ಮುತ್ತುಸ್ವಾಮಿ ದೀಕ್ಷಿತರು ಕ್ಷೇತ್ರದಿಂದ ಕ್ಷೇತ್ರಕ್ಕೆ ಹೋಗಿ, ಆಯಾ ಊರಿನ ದೇವರನ್ನೂ ಸ್ಥಳವನ್ನೂ ಕೃತಿಗಳಲ್ಲಿ ಹೆಸರಿಸಿದ್ದೇಕೆ? ತಿರುವಾರೂರಿಗೆ ಸಲ್ಲುವುದು ನಮ್ಮ ಮಡೇನೂರಿಗೆ ಸಲ್ಲದೆ? ಅಲ್ಲಿ ದೇವರಿದ್ದ ಎನ್ನುವುದಾದರೆ, ನೀರಿನಡಿ ಹೋದ ಹಳ್ಳಿಗಳಲ್ಲೂ ಗುಡಿಗಳಿದ್ದುವು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರ ಸೀಮೆಯ ಊರುಗಳು, ಅಡಿಕೆ ತೋಟಗಳು, ಗದ್ದೆಗಳು ಶರಾವತಿಯ ಹಿನ್ನೀರಿನ ಪಾಲಾದುವು. 1940ರ ದಶಕದ ಹಿರೇಭಾಸ್ಕರ ಅಣೆಕಟ್ಟೇ ಅದರಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದರೆ ಅದರ ಕಟ್ಟಡ ಇಂದಿಗೂ ತಲೆಯೆತ್ತುತ್ತದೆ. ನಾಡಿಗೆ ಬೆಳಕು ಬಂತು. ಮನೆ ಬಿಟ್ಟು ಎದ್ದವರು ಅರ್ಧ ಶತಮಾನ ಕಳೆದ ಮೇಲೂ ಹಕ್ಕುಪತ್ರಕ್ಕೆ ಅಲೆದರು. ಸಾಹಿತ್ಯವಂತೂ ಕಣ್ಣು ಮುಚ್ಚಿಕೊಳ್ಳಲಿಲ್ಲ. ಸಾಗರದ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಬರೆದರು. ತೀರ್ಥಹಳ್ಳಿ ತಾಲ್ಲೂಕಿನವರಾದ ಗಿರೀಶ ಕಾಸರವಳ್ಳಿಯವರು ‘ದ್ವೀಪ’ವನ್ನು ಚಲನಚಿತ್ರ ಮಾಡಿದರು. ಕಛೇರಿಯ ವೇದಿಕೆ ಮಾತ್ರ ಮಡಿ ಉಟ್ಟು ದೂರ ನಿಂತಿತು.

ಜೋಗವನ್ನು ಹಾಡುತ್ತೇವಲ್ಲ ಎನ್ನಬಹುದು. ನಿಸಾರ್ ಅಹಮದರ ‘ನಿತ್ಯೋತ್ಸವ’ಕ್ಕೆ ಮೈಸೂರು ಅನಂತಸ್ವಾಮಿ ಹಾಕಿದ ಮಟ್ಟು ಯಾರ ಬಾಯಲ್ಲಿಲ್ಲ? 1978ರಲ್ಲಿ ಧ್ವನಿಸುರುಳಿಯಾಗಿ ಬಂದದ್ದು ಇನ್ನೂ ಹಳತಾಗಿಲ್ಲ. ಅದು ಸಂಭ್ರಮದ ಹಾಡು, ಹಾಗೆಯೇ ಇರಲಿ. ಅದೇ ನದಿಯ ಮೇಲ್ದಂಡೆಯ ಸಂಕಟಕ್ಕೂ ಒಂದು ಮಟ್ಟು ಬೇಡವೆ? ಮುಖಾರಿಯನ್ನು ಪುರಾಣದ ಅಳಲಿಗೇ ಬರೆದುಕೊಟ್ಟವರಾರು? ವಾರ್ತಾ ಇಲಾಖೆಯ ಪ್ರಕಟಣೆಗೆ ರಾಗ ಹಾಕಿರೆಂದು ನಾನು ಹೇಳುತ್ತಿಲ್ಲ. ವರದಿ ಬೇರೆ, ನೆನಪು ಬೇರೆ.

ಪೋಲೆಂಡಿನ ಹೆನ್ರಿಕ್ ಗುರೆಟ್ಸ್ಕಿ 1976ರಲ್ಲಿ ತನ್ನ ಮೂರನೆಯ ಸಿಂಫನಿಯನ್ನು ರಚಿಸಿದ. 1944ರಲ್ಲಿ ನಾಜಿಗಳ ಸೆರೆಯಲ್ಲಿದ್ದ ಹದಿನೆಂಟರ ಹುಡುಗಿಯೊಬ್ಬಳು ಗೋಡೆಯ ಮೇಲೆ ಗೀಚಿದ ಮಾತುಗಳೇ ಅದರ ನಡುಭಾಗದ ಸಾಹಿತ್ಯ. ಇಸವಿ ಉಂಟು, ಊರು ಉಂಟು, ಗೋಡೆಯೂ ಉಂಟು. ಅದರ 1992ರ ಧ್ವನಿಮುದ್ರಿಕೆ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಪೋಲಿಷ್ ಭಾಷೆಯ ಒಂದು ಪದವೂ ತಿಳಿಯದವರು ಅದನ್ನು ಕೇಳಿ ಮೌನವಾದರು.

2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಒಳ್ಳೆಯದೇ ಆಯಿತು, ಲಾಂಚಿಗೆ ಕಾದು ಬೇಸತ್ತ ಜನ. ಆದರೆ ಲಾಂಚು ನಿಧಾನವಾಗಿ ಸಾಗುವಾಗ ‘ಇಲ್ಲೇ ನಮ್ಮ ತೋಟ ಇತ್ತು’ ಎಂದು ನೀರಿನತ್ತ ಬೆರಳು ತೋರುವ ಹಿರಿಯರಿದ್ದರು. ಕಾರಿನ ಕಿಟಕಿಯಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ. ಆ ಕಾಲ ಕಂಡವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ನಮ್ಮ ವಿದ್ವಾಂಸರು ಒಂದು ಮಧ್ಯಾಹ್ನ ತಂಬೂರಿಯನ್ನು ಮನೆಯಲ್ಲೇ ಬಿಟ್ಟು ಅವರ ಜಗಲಿಯಲ್ಲಿ ಕುಳಿತು ಬರಲಿ. ಪಲ್ಲವಿಯ ಒಂದು ಸಾಲಾದರೂ ಸಿಗದಿದ್ದರೆ ಆಮೇಲೆ ನನ್ನನ್ನು ಬೈಯಲಿ.