ಸೆರಗಿನ ಜೋಳಿಗೆ

ಶ್ರಾವಣ ಮಾಸ ಬಂದಿತೆಂದರೆ ನಮ್ಮ ಮನಸ್ಸು ಹುಟ್ಟೂರಾದ ಇಳಕಲ್ಲಿಗೆ ಓಡುತ್ತದೆ. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಆ ಊರು ನಮ್ಮ ಬಾಲ್ಯದಲ್ಲಿ ವಿಜಾಪುರ ಜಿಲ್ಲೆಯಲ್ಲಿತ್ತು. ಪಟ್ಟಣವೆಂದು ಹೆಸರಿದ್ದರೂ ಅದರ ನಡೆನುಡಿಯೆಲ್ಲ ಹಳ್ಳಿಯದೇ. ನಸುಕು ಹರಿಯುವ ಹೊತ್ತಿಗೆ ಓಣಿಯ ಮನೆಮನೆಗಳಿಂದ ಮಗ್ಗದ ಸಪ್ಪಳ ಕೇಳಿಬರುತ್ತಿತ್ತು. ರಜೆಗೆ ಪರಊರಿನಿಂದ ಬಂದ ನೆಂಟರಿಗೆ ಅದರಿಂದ ನಿದ್ರೆಗೇಡು. ನಮಗಾದರೋ ಆ ಸಪ್ಪಳ ನಿಂತರೇ ಎಚ್ಚರವಾಗುತ್ತಿತ್ತು!

ನಮ್ಮ ತಂದೆಯವರು ಸ್ನಾನ, ಲಿಂಗಪೂಜೆಗಳನ್ನು ಪೂರೈಸಿ, ಹಣೆಯ ವಿಭೂತಿ ಆರುವ ಮುನ್ನವೇ ಮಗ್ಗದ ಕುಣಿಗಿಳಿಯುವರು. ಶಾಲೆಯಿಂದ ಬಂದ ನಾವು ಕಂಡಕಿ ಸುತ್ತಬೇಕು. ಆದರೆ ಮನೆಯ ನಿಜವಾದ ವಿದ್ಯೆ ತಾಯಿಯವರ ಬೆರಳುಗಳಲ್ಲಿತ್ತು. ಇಳಕಲ್ಲ ಸೀರೆಯ ಒಡಲು ಒಂದು ಹಾಸು, ಕೆಂಪು ರೇಷ್ಮೆಯ ಸೆರಗು ಮತ್ತೊಂದು ಹಾಸು. ಇವೆರಡರ ಎಳೆ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಕೂಡಿಸುವುದೇ ಕೊಂಡಿ. ಪ್ರತಿಯೊಂದು ಸೀರೆಗೂ ಈ ಕೆಲಸ ಹೊಸದಾಗಿ ಆಗಲೇಬೇಕು. ಒಂದೆಳೆ ತಪ್ಪಿದರೂ ಸಾವಕಾರರ ಕಣ್ಣಿಗೆ ಬೀಳುವುದು. ಆ ಸೆರಗಿನ ತೋಪತೆನಿಯನ್ನು ನೋಡುವಾಗ ಎರೆಹೊಲದ ಜೋಳದ ಬೆಳೆಯೇ ಬಟ್ಟೆಗೆ ಬಂದಂತೆ ನಮಗೆ ತೋರುತ್ತಿತ್ತು.

ತಂದೆಯವರಿಗೆ ಬೀಡಿಯ ಚಟವಿತ್ತು. ರಾತ್ರಿಯೆಲ್ಲ ಕೆಮ್ಮುವರು. ಒಮ್ಮೆ ಬೀಡಿಯ ಕಿಡಿ ಸಿಡಿದು, ಮುಗಿಯಲು ಬಂದಿದ್ದ ಸೀರೆಯ ಸೆರಗಿನಲ್ಲಿ ಕಡಲೆಯಷ್ಟು ತೂತು ಬಿದ್ದಿತು. ಸಾವಕಾರರು ಆ ವಾರದ ಕೂಲಿಯನ್ನು ಮುರಿದುಕೊಂಡು ಸೀರೆಯನ್ನು ನಮಗೇ ಬಿಟ್ಟರು. ಆ ವಾರ ಮನೆಯಲ್ಲಿ ನುಚ್ಚು ಮಜ್ಜಿಗೆಯೇ ಗತಿ. ತಾಯಿಯವರು ತೂತಿಗೆ ಕೆಂಪು ನೂಲಿನಿಂದ ರಫೂ ಹಾಕಿ ಅದೇ ಸೀರೆಯನ್ನು ಉಟ್ಟರು.

1975ರಲ್ಲಿ ಇಳಕಲ್ಲಿನ ಪೂಜ್ಯ ಮಹಾಂತ ಶ್ರೀಗಳು ಜೋಳಿಗೆ ಹಿಡಿದು ಮನೆಮನೆಗೆ ಹೊರಟರು. ಕಾಳಲ್ಲ, ಕಾಸಲ್ಲ, ಭಕ್ತರ ದುಶ್ಚಟಗಳೇ ಅವರು ಬೇಡಿದ ಭಿಕ್ಷೆ. ಜೋಳಿಗೆ ನಮ್ಮ ಓಣಿಗೂ ಬಂದಿತು. ತಂದೆಯವರು ಬೀಡಿಯ ಕಟ್ಟನ್ನೂ ಕಡ್ಡಿಪೆಟ್ಟಿಗೆಯನ್ನೂ ಅದರೊಳಗೆ ಹಾಕಿ ಅಡ್ಡಬಿದ್ದರು. ನಮಗೆ ಆಗ ಹದಿನಾಲ್ಕು ವರ್ಷ. ಶಾಲೆಯಲ್ಲಿ ಈ ಸಂಗತಿಯನ್ನು ಎಷ್ಟು ಜನರಿಗೆ ಹೇಳಿಕೊಂಡೆವೋ!

ಎರಡು ತಿಂಗಳಾಗಿರಬಹುದು. ಒಂದು ಸಂಜೆ ಬಣ್ಣದ ಹಂಡೆಯ ಹಿಂದಿನ ಗೋಡೆಗೆ ಒರಗಿ ತಂದೆಯವರು ಬೀಡಿ ಸೇದುತ್ತಿದ್ದುದನ್ನು ಕಂಡೆವು. ಅವರೂ ನಮ್ಮನ್ನು ಕಂಡರು. "ತಮ್ಮಾ" ಎಂದರಷ್ಟೆ, ಮುಂದೆ ಮಾತು ಹೊರಡಲಿಲ್ಲ. ಗುರುಗಳಿಗೆ ಕೊಟ್ಟ ಮಾತು ಮುರಿಯಿತೆಂಬ ಸಿಟ್ಟು ನಮ್ಮದು. ಓಡಿಹೋಗಿ ತಾಯಿಗೆ ಹೇಳಿಬಿಟ್ಟೆವು. ಹೇಳಿದ ಗಳಿಗೆಯಿಂದಲೇ ಹೇಳಬಾರದಿತ್ತೆಂದು ಒಳಗೊಳಗೇ ಬೇಯತೊಡಗಿದೆವು. ಸತ್ಯ ಹೇಳಿದವರಿಗೂ ಅಷ್ಟೊಂದು ಸಂಕಟವಾಗುವುದೇಕೆಂಬುದು ಮುಂದೆ ಮಠದಲ್ಲಿ ಶಾಸ್ತ್ರಗ್ರಂಥಗಳನ್ನು ಓದಿದಾಗಲೂ ನಮಗೆ ಸರಿಯಾಗಿ ಬಗೆಹರಿಯಲಿಲ್ಲ.

ತಾಯಿಯವರು ಏನೂ ಅನ್ನಲಿಲ್ಲ. ರಾತ್ರಿ ಊಟವಾಯಿತು. ಕಂದೀಲಿನ ಬೆಳಕಿನಲ್ಲಿ ಕೊಂಡಿಯ ಕೆಲಸ ಮುಗಿಸಿ ಎದ್ದರು. ತಂದೆಯವರ ಮುಂದೆ ಬಂದು ನಿಂತು ಸೆರಗನ್ನು ಎರಡೂ ಕೈಗಳಿಂದ ಹಿಡಿದು ಒಡ್ಡಿದರು.

"ಅಪ್ಪಗೋಳು ದಿನಾ ದಿನಾ ಬರಾಕ ಆಗೂದಿಲ್ರಿ. ಇದರಾಗ ಹಾಕ್ರಿ."

ಅವರು ಉಟ್ಟಿದ್ದುದು ಆ ಸುಟ್ಟ ಸೀರೆಯನ್ನೇ. ತಂದೆಯವರು ರಫೂ ಹಾಕಿದ ಜಾಗವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಅಂಗಿಯ ಕಿಸೆಯಿಂದ ನಾಲ್ಕು ಬೀಡಿಗಳನ್ನು ತೆಗೆದು ಹಾಕಿದರು. ತಾಯಿಯವರು ಸೆರಗಿಗೆ ಗಂಟು ಹಾಕಿಕೊಂಡು ಮಲಗಿದರು. ಬೆಳಿಗ್ಗೆ ಬಟ್ಟೆ ಒಗೆಯಲು ಹೋದಾಗ ಹಳ್ಳಕ್ಕೆ ಬಿಟ್ಟರು. ಅದಾದ ಮೇಲೂ ಎರಡು ಮೂರು ಸಲ ಆ ಸೆರಗು ಒಡ್ಡಿದ್ದುಂಟು. ವರ್ಷ ತುಂಬುವ ಹೊತ್ತಿಗೆ ಅದರ ಅಗತ್ಯ ಬೀಳಲಿಲ್ಲ. ಕೆಮ್ಮು ಮಾತ್ರ ಪೂರ್ತಿ ಬಿಡಲಿಲ್ಲ.

ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ದಿನ ನಮ್ಮನ್ನು ಭಾಷಣಕ್ಕೆ ಕರೆಯುವುದುಂಟು. ಅಲ್ಲಿ ಜೋಳಿಗೆಯ ಮಹಿಮೆಯನ್ನು ಹೇಳುತ್ತೇವೆ. ಸೆರಗಿನ ಸಂಗತಿಯನ್ನು ಇಂದಿನವರೆಗೂ ಹೇಳಿರಲಿಲ್ಲ. ತಂದೆತಾಯಿಗಳು ಈಗಿಲ್ಲ. ಸೀರೆ ನಮ್ಮ ಟ್ರಂಕಿನಲ್ಲಿದೆ. ರಫೂವಿನ ನೂಲು ಸೆರಗಿನ ಕೆಂಪಿಗಿಂತ ತುಸು ಕಪ್ಪು. ಕಣ್ಣು ಮಬ್ಬಾದ ಈ ದಿನಗಳಲ್ಲಿಯೂ ಕೈಯಾಡಿಸಿದರೆ ಆ ಜಾಗ ಬೆರಳಿಗೆ ಸಿಗುತ್ತದೆ.