ಅಣುವೈದ್ಯಕ್ಕೆ ಕೈಗಳೆಲ್ಲಿ?

ಅಣು ಎಂದೊಡನೆ ನಮ್ಮ ಜನಕ್ಕೆ 1974ರ ಪೋಖ್ರಾನ್ ಸ್ಫೋಟ ನೆನಪಾಗುತ್ತದೆ, ಇಲ್ಲವೆ ಕೈಗಾದ ವಿದ್ಯುತ್ತು. ಅದೇ ಅಣುವಿಗೆ ಆಸ್ಪತ್ರೆಯಲ್ಲಿಯೂ ಕೆಲಸವುಂಟೆಂಬುದನ್ನು ಬಲ್ಲವರು ಕಡಿಮೆ. ರಕ್ತನಾಳಕ್ಕೆ ಚುಚ್ಚಿದ ತುಸು ವಿಕಿರಣದ ಔಷಧವು ಮೂಳೆಗೋ ಗಂಟಲ ಗ್ರಂಥಿಗೋ ಹೋಗಿ ಸೇರುತ್ತದೆ. ಹೊರಗಿನ ಗಾಮಾ ಕ್ಯಾಮೆರಾ ಅದರ ಜಾಡು ಹಿಡಿದು, ಕ್ಯಾನ್ಸರ್ ಎಲ್ಲಿಯವರೆಗೆ ಹಬ್ಬಿದೆಯೆಂದು ತೋರಿಸುತ್ತದೆ. ನ್ಯೂಕ್ಲಿಯರ್ ಮೆಡಿಸಿನ್ ಎನ್ನುವುದು ಇದನ್ನೇ.

ಸಿರುಗುಪ್ಪದ ಹಮಾಲನಿಗೋ ಕುರುಗೋಡಿನ ಕಿರಾಣಿ ಅಂಗಡಿಯವನಿಗೋ ಡಾಕ್ಟರು ಈ ಪರೀಕ್ಷೆ ಬರೆದುಕೊಟ್ಟರೆ, ಬಳ್ಳಾರಿಗೆ ಬಂದು ಅಲ್ಲಿಂದ 300 ಕಿಲೋಮೀಟರಿನಾಚೆಯ ಬೆಂಗಳೂರಿಗೆ ರಾತ್ರಿ ಗಾಡಿ ಹತ್ತುವುದೇ ವಾಡಿಕೆಯಾಗಿದೆ. ಜೊತೆಗೊಬ್ಬರು ಬೇಕು, ಇಬ್ಬರ ಕೂಲಿ ಖೋತಾ, ಊಟ ವಸತಿಯ ಖರ್ಚು ಬೇರೆ. 1961ರಿಂದ ಸರಕಾರಿ ವೈದ್ಯಕೀಯ ಕಾಲೇಜುಳ್ಳ ಜಿಲ್ಲೆಯ ಜನರ ಪಾಡು ಇದು!

ಈ ಔಷಧಗಳು ಬಹುಬೇಗ ಕಳೆಗುಂದುತ್ತವೆ, ಜಿಲ್ಲಾ ಪಟ್ಟಣಕ್ಕೆ ಒಗ್ಗವು ಎಂಬ ಮಾತುಂಟು. ಅರ್ಧ ನಿಜ. ಪೆಟ್ ಸ್ಕ್ಯಾನಿಗೆ ಬಳಸುವ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಬೆಂಗಳೂರಿನಿಂದ ಆರು ತಾಸು ಪ್ರಯಾಣ ಮಾಡಿ ಬಂದರೆ ಉಳಿಯುವುದು ಹತ್ತರಲ್ಲೊಂದು ಪಾಲು. ಗಾಮಾ ಕ್ಯಾಮೆರಾಕ್ಕೆ ಬೇಕಾದ ಟೆಕ್ನೀಷಿಯಂನ ಕಥೆ ಬೇರೆ. ಅದೂ ಆರು ತಾಸಿಗೆ ಅರ್ಧವಾಗುವುದೇ; ಆದರೆ ಅದನ್ನು ಹೆರುವ ಮಾಲಿಬ್ಡಿನಂ ಅರ್ಧವಾಗಲು 66 ತಾಸು ಬೇಕು. ಸೀಸದ ಕವಚದೊಳಗಿನ ಆ ತಾಯಿಯನ್ನು ವಾರಕ್ಕೊಮ್ಮೆ ತರಿಸಿಟ್ಟುಕೊಂಡು, ದಿನಾ ಬೆಳಿಗ್ಗೆ ಉಪ್ಪುನೀರು ಹಾಯಿಸಿ ಟೆಕ್ನೀಷಿಯಂ ತೆಗೆಯುತ್ತಾರೆ. ಆ ಕಸುಬಿನವರು ಅದಕ್ಕೆ ಹಸುವೆಂದೇ ಹೆಸರಿಟ್ಟಿದ್ದಾರೆ. ಕೆಲಸಕ್ಕೆ ಹಾಲು ಕರೆಯುವುದೆನ್ನುತ್ತಾರೆ. ಆ ಹಸುವನ್ನು ಬಳ್ಳಾರಿಯಲ್ಲಿ ಕಟ್ಟಲು ಅಡ್ಡಿಯೇನು?

ಕರೆಯುವ ಕೈಗಳು ಬೇಕು. ತಜ್ಞ ವೈದ್ಯ, ತರಬೇತಾದ ತಂತ್ರಜ್ಞ, ವಿಕಿರಣ ಸುರಕ್ಷಾ ಅಧಿಕಾರಿ ಇವರಿಲ್ಲದೆ ಅಣುಶಕ್ತಿ ನಿಯಂತ್ರಣ ಮಂಡಳಿ ಇಂಥ ವಿಭಾಗಕ್ಕೆ ಅನುಮತಿ ಕೊಡುವುದಿಲ್ಲ, ಕೊಡಲೂಬಾರದು. ಔಷಧವನ್ನು ಕರೆದು, ಅಳೆದು, ಬೆರೆಸಿ, ರೋಗಿಯನ್ನು ಕ್ಯಾಮೆರಾದಡಿ ಮಲಗಿಸುವ ಕೆಲಸ ತಂತ್ರಜ್ಞರದು. ಮೈಗೆ ತಗಲುವ ವಿಕಿರಣವನ್ನು ಅಳೆಯುವ ಬಿಲ್ಲೆ ಅವರ ಎದೆಯ ಮೇಲಿರುತ್ತದೆ. ಐದು ವರ್ಷಕ್ಕೆ 100 ಮಿಲಿಸೀವರ್ಟ್ ಮೀರಕೂಡದು, ಯಾವೊಂದು ವರ್ಷದಲ್ಲೂ 30 ದಾಟಕೂಡದು. ಅಕ್ಕಿ ಗಿರಣಿಯಲ್ಲಿ ತೌಡಿನ ಧೂಳು ಕುಡಿಯುವವನ ಎದೆಯನ್ನು ಇಷ್ಟು ಕಟ್ಟುನಿಟ್ಟಾಗಿ ಅಳೆದವರನ್ನು ನಾವು ಕಂಡಿಲ್ಲ.

ಈ ವಿದ್ಯೆ ನಮ್ಮ ಮಕ್ಕಳಿಗೆ ನಿಲುಕದ್ದೇನೂ ಅಲ್ಲ. ಒಂದು ಕಾಲಕ್ಕೆ ಗಿರಣಿ ಕಾರ್ಮಿಕರ ಬೀಡಾಗಿದ್ದ ಮುಂಬಯಿಯ ಪರೇಲಿನಲ್ಲಿ, ಅಣುಶಕ್ತಿ ಇಲಾಖೆಯ ರೇಡಿಯೇಷನ್ ಮೆಡಿಸಿನ್ ಸೆಂಟರ್ 1963ರಲ್ಲಿ ಆರಂಭವಾಯಿತು. ಅಲ್ಲಿ ವಿಜ್ಞಾನ ಪದವೀಧರರನ್ನು ಡಿಪ್ಲೊಮಾ ಕೊಟ್ಟು ತಯಾರು ಮಾಡುತ್ತ ಬಂದಿದ್ದಾರೆ. ಮಣಿಪಾಲದಲ್ಲಿ ಪಿ.ಯು.ಸಿ. ವಿಜ್ಞಾನ ಮುಗಿಸಿದವರಿಗೆ ಪದವಿಯೇ ಉಂಟು, ಆದರೆ ಖಾಸಗಿ ಶುಲ್ಕ ತೆರಬೇಕು. 2021ರ ಕೇಂದ್ರ ಕಾಯಿದೆ ಈ ತಂತ್ರಜ್ಞರನ್ನು ಆರೋಗ್ಯ ವೃತ್ತಿಯವರೆಂದು ಮಾನ್ಯ ಮಾಡಿದೆ.

ಹಣವಿಲ್ಲವೆಂಬ ಮಾತನ್ನು ಈ ಜಿಲ್ಲೆಯಲ್ಲಿ ಯಾರೂ ಆಡಕೂಡದು. ಅದಿರು ಅಗೆದವರಿಂದ ಬಂದ ಜಿಲ್ಲಾ ಖನಿಜ ನಿಧಿಯುಂಟು. ಆರೋಗ್ಯ, ಶಿಕ್ಷಣ, ಕೌಶಲ ಇವು ಅದರ ನಿಯಮದಲ್ಲೇ ಮೊದಲ ಸಾಲಿನಲ್ಲಿವೆ. ಆ ನಿಧಿಯಿಂದ ಬಳ್ಳಾರಿ ವೈದ್ಯಕೀಯ ಕಾಲೇಜಿನಲ್ಲಿ ಗಾಮಾ ಕ್ಯಾಮೆರಾದ ವಿಭಾಗವೂ ತಂತ್ರಜ್ಞರ ತರಗತಿಯೂ ಒಟ್ಟಿಗೇ ನಡೆಯಲಿ. ಕೂಲಿಕಾರರ ಮಕ್ಕಳಿಗೆ ವಿದ್ಯಾರ್ಥಿವೇತನ ದೊರೆಯಲಿ. ಕಲಿತವರಿಗೆ ಗುತ್ತಿಗೆಯ ಕೆಲಸ ಬೇಡ, ಖಾಯಂ ಹುದ್ದೆ ಕೊಡಲಿ ಎಂದು ನಾವು ಸರಕಾರವನ್ನು ಆಗ್ರಹಪಡಿಸುತ್ತೇವೆ.