ನೆಲಗುಳ್ಳ ಇನ್‌ಹೇಲರ್ ಅಲ್ಲ

ನೆಲಗುಳ್ಳದ ಹಸಿಕಾಯಿ ಅಗಿದರೆ ಉಬ್ಬಸ ಹೋಗುತ್ತದೆ, ಇನ್‌ಹೇಲರ್ ಬಿಡಬಹುದು ಎಂದು ಬರೆದವರು ಯಾರ ಜೀವದ ಜೊತೆ ಆಡುತ್ತಿದ್ದೇವೆಂದು ಯೋಚಿಸಿದ್ದಾರೆಯೇ?

ಈ ಗಿಡದ ಮೇಲೆ ನನಗೂ ಅಕ್ಕರೆಯಿದೆ. ನೆಲಕ್ಕಂಟಿ ಹರಡುವ ಅದರ ಎಲೆಯ ನರದ ಮೇಲೂ ಹಳದಿ ಮುಳ್ಳು, ನೇರಳೆ ಹೂವು, ಎಳೆಗಾಯಿಗೆ ಪುಟ್ಟ ಕಲ್ಲಂಗಡಿಯಂತೆ ಪಟ್ಟೆ. ಚರಕಸಂಹಿತೆ ಇದನ್ನು ಕೆಮ್ಮು ಕಳೆಯುವ ಹತ್ತು ಮೂಲಿಕೆಗಳಲ್ಲಿ ಎಣಿಸಿದೆ. ದಶಮೂಲದಲ್ಲೂ ಇದರ ಬೇರಿದೆ. ಆದರೆ ಅಲ್ಲಿ ಹೇಳಿರುವುದು ಅಳತೆಯಿಟ್ಟು ಕುದಿಸಿ ಬತ್ತಿಸಿದ ಕಷಾಯ. ಹಸಿಕಾಯಿಯಲ್ಲಿ ಸೊಲಸೋನಿನ್‌ನಂಥ ಆಲ್ಕಲಾಯ್ಡುಗಳಿವೆ; ಹೆಚ್ಚಾದರೆ ವಾಂತಿ, ಭೇದಿ.

ನನ್ನ ಅತ್ತೆ ರಾತ್ರಿ ಎರಡು ಗಂಟೆಗೆ ಮಂಚದ ಅಂಚು ಹಿಡಿದು, ಮಾತೂ ಬಾರದೆ ಕೂತಿದ್ದನ್ನು ಕಂಡಿದ್ದೇನೆ. ಆಗ ಕೈಗೆ ಸಿಗಬೇಕಾದದ್ದು ಇನ್‌ಹೇಲರ್. ಕಷಾಯ ಬೇಕಿದ್ದರೆ ವೈದ್ಯರನ್ನು ಕೇಳಿ ಅದರ ಜೊತೆಗೆ ಕುಡಿಯಲಿ, ಬದಲಿಗಲ್ಲ.